ಮಕ್ಕಳ ಕೈಬುತ್ತಿ: ಹುರಿಟ್ಟಿನಿಂದ ಖಾರಬನ್ನಿನವರೆಗೆ

ಮಕ್ಕಳು ವ್ಯಾನಲ್ಲಿ ಕೂತ್ಕೊಂಡು ತಿಂಡಿ ತಿನ್ನೋದು ಈಗಿನ ಕಾಲದ ಕೆಟ್ಟ ಅಭ್ಯಾಸ, ನಮ್ಮ ಕಾಲದಲ್ಲಿ ಹಿಂಗಿರಲಿಲ್ಲ ಅಂತ ಮೊನ್ನೆ ನಮ್ಮ ನೆಂಟರೊಬ್ರು ಅಂದ್ರು. ನಂಗೆ ಒಪ್ಪಿಗೆ ಆಗಲಿಲ್ಲ. ದಾರಿಯಲ್ಲಿ ತಿನ್ನೋದು ನಮ್ಮ ಕಡೆ ಬಾಳ ಹಳೇದು ಕಣ್ರವ್ವ. ಬದಲಾಗಿರೋದು ಕೈಯಲ್ಲಿ ಏನಿದೆ ಅನ್ನೋದು. ಅದು ಹೆಂಗೆ ಬದಲಾಯ್ತು ಅಂತ ನಾನು ಕಂಡಿದ್ದು, ಓದಿದ್ದು ಎರಡೂ ಸೇರಿಸಿ ಬರೀತೀನಿ.

ನಮ್ಮೂರ ಲಕ್ಷ್ಮೀದೇವಿ ಗುಡಿ ಕಟ್ಟಿಸಿದ್ದು ರಾಜ ಅಲ್ಲ. ವಿಷ್ಣುವರ್ಧನನ ಕಾಲದಲ್ಲಿ, 1113ರ ಸುಮಾರಿಗೆ, ಕಲ್ಲಹಣ ರಾಹುತ ಅನ್ನೋ ವ್ಯಾಪಾರಿ, ಅವನ ಹೆಂಡತಿ ಸಹಜಾದೇವಿ ಸೇರಿ ಕಟ್ಟಿಸಿದ್ದು. ವ್ಯಾಪಾರದೋರ ಮನೆ ಅಂದ್ಮೇಲೆ ಸಹಜಾದೇವಿ ಗಂಡನಿಗೆ ಬುತ್ತಿ ಕಟ್ಟದೆ ಇರ್ತಿದ್ಲಾ? ಆಗ ಹಸಿಮೆಣಸಿನಕಾಯಿ ಇಲ್ಲ, ಆಲೂಗೆಡ್ಡೆ ಇಲ್ಲ. ಇವೆಲ್ಲ ಅಮೆರಿಕ ಕಡೆಯವು, ಪೋರ್ಚುಗೀಸರು ಬಂದ ಮೇಲೆ ನಮ್ಮ ದೇಶಕ್ಕೆ ಬಂದಿದ್ದು. ಈಗ ಹಾಸನ ಅಂದ್ರೆ ಆಲೂಗೆಡ್ಡೆ ಅಂತಾರೆ, ಬಿತ್ತನೆ ಗೆಡ್ಡೆ ಜಲಂಧರದಿಂದ ಲಾರಿಯಲ್ಲಿ ಬರುತ್ತೆ! ನಮ್ಮ ಮೊಮ್ಮಕ್ಕಳಿಗೆ ಚಪಾತಿ ಒಳಗೆ ಸುತ್ತಿಕೊಡೋ ಪಲ್ಯ ಅಷ್ಟು ಹೊಸದು.

ರಾಗಿ ಹಂಗಲ್ಲ. ಅದೂ ಆಫ್ರಿಕಾದ ಬೆಟ್ಟದ ಸೀಮೆಯಿಂದ ಬಂದಿದ್ದೇ, ಆದರೆ ಸಾವಿರಾರು ವರ್ಷದ ಹಿಂದೆ. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಬಿದ್ದು, ಶ್ರೀರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಹಾಕ್ತಾನೆ. ಭತ್ತ ಸೊರಗುತ್ತೆ, ರಾಗಿ ಗಟ್ಟಿಯಾಗಿರುತ್ತೆ. ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ತುಂಬಿಟ್ಟು ಹುಳ ಬೀಳದೆ ತೆಗೆದೋರಿಗೆ ಅದು ಬರೀ ಕತೆ ಅನ್ನಿಸಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು ಅಷ್ಟೆ. ಬೆಳೆಯೋ ಮಕ್ಕಳ ಮೂಳೆಗೆ ಇದಕ್ಕಿಂತ ಅಗ್ಗದ ಔಷಧಿ ನಮ್ಮ ಕಡೆ ಬೇರೆ ಇಲ್ಲ.

ಈ ರಾಗಿಯಲ್ಲೇ ನಮ್ಮೋರು ದಾರಿ ಊಟ ಒಂದು ಕಂಡುಹಿಡಿದಿದ್ರು, ಅದೇ ಹುರಿಟ್ಟು. ದನ ಕಾಯೋ ಹುಡುಗರು, ಸಂತೆಗೆ ಹೋಗೋರು, ಧರ್ಮಸ್ಥಳಕ್ಕೆ ನಡೆದು ಹೋಗೋರು ಎಲ್ರೂ ಗಂಟಲ್ಲಿ ಹುರಿಟ್ಟು ಕಟ್ಕೊಂಡೇ ಹೊರಡ್ತಿದ್ದಿದ್ದು. ಒಲೆ ಬೇಡ, ಪಾತ್ರೆ ಬೇಡ, ಹಳಸಲ್ಲ. ನಮ್ಮಜ್ಜಿ ಮಾಡ್ತಿದ್ದ ರೀತಿ ಹೇಳ್ತೀನಿ. ರಾಗಿ ತೊಳೆದು, ನೀರು ಮಜ್ಜಿಗೆ ಚಿಮುಕಿಸಿ, ಬಟ್ಟೆಯಲ್ಲಿ ರಾತ್ರಿಯೆಲ್ಲ ಕಟ್ಟಿಡೋರು. ಬೆಳಿಗ್ಗೆ ನೆರಳಲ್ಲಿ ಹರಡಿ, ಮೇಲೆ ಒಣಗಿ ಒಳಗೆ ಪಸೆ ಇರುವಾಗ್ಲೇ ಕಾದ ಮರಳಲ್ಲಿ ಹಿಡಿಹಿಡಿಯಾಗಿ ಹಾಕೋರು. ಮಲ್ಲಿಗೆ ಥರ ಬೆಳ್ಳಗೆ ಅರಳಿಬಿಡೋದು. ಜರಡಿಯಲ್ಲಿ ಮರಳು ತೆಗೆದು, ಒಂದಿಷ್ಟು ಹುರಿಗಡಲೆ ಸೇರಿಸಿ ಬೀಸೋರು. ಬೆಲ್ಲ, ಕೊಬ್ಬರಿ ತುರಿ, ಏಲಕ್ಕಿ, ಒಂದು ಚಮಚ ತುಪ್ಪ, ಬಿಸಿ ಹಾಲು ಚಿಮುಕಿಸಿ ಕಲೆಸಿದ್ರೆ ಉಂಡೆ ಆಗುತ್ತೆ. ಬೆಲ್ಲ ಬೇಡ ಅಂದೋರಿಗೆ ಮಜ್ಜಿಗೆ, ಉಪ್ಪು. ಪಸೆ ಜಾಸ್ತಿಯಾದ್ರೂ ಅರಳಲ್ಲ, ಪೂರ್ತಿ ಒಣಗಿದ್ರೂ ಅರಳಲ್ಲ, ಅದನ್ನ ಕೈಯೇ ಹೇಳ್ಬೇಕು. ಅಂಗಡಿಯಲ್ಲಿ ಹುರಿಹಿಟ್ಟು ಪ್ಯಾಕೆಟ್ ಸಿಗುತ್ತೆ, ನಾನೂ ತಂದಿದ್ದೀನಿ, ಆದ್ರೆ ಆ ಘಮ ಇಲ್ಲ.

ಅಷ್ಟಿದ್ರೂ ದಿನಾ ಹುರಿಟ್ಟು ಎಲ್ಲಿ ಮಾಡೋದು? ನಾನು ಎಪ್ಪತ್ತರ ದಶಕದ ಕೊನೆಯಲ್ಲಿ ಶಾಲೆಗೆ ಹೋಗುವಾಗ ಹೊತ್ತಾರೆ ತಿಂಡಿ ಅನ್ನೋ ಮಾತೇ ನಮ್ಮನೇಲಿ ಕಮ್ಮಿ. ರಾತ್ರಿ ಉಳಿದ ತಂಗಳು ಹಿಟ್ಟು ಮಜ್ಜಿಗೆಗೆ ಕಿವುಚಿ ಕುಡಿಯೋದು, ಇಲ್ಲಾಂದ್ರೆ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸವರಿ ಸುತ್ಕೊಂಡು ಕಡೀತಾ ನಡೆಯೋದು. ಅಣ್ಣಂದಿರಿಗೆ ಮೊದಲು, ಉಳಿದ್ರೆ ನಮಗೆ. ಹೆಣ್ಮಕ್ಕಳು ಬರಿ ಹೊಟ್ಟೆಯಲ್ಲಿ ಹೋಗ್ತಿದ್ದದ್ದು ಯಾರ ಲೆಕ್ಕಕ್ಕೂ ಬರ್ತಿರಲಿಲ್ಲ. ರಾಗಿ ಇಳುವರಿ ಜಾಸ್ತಿಯಾಗಿದ್ದೇ ಆಗ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನೋರು ಆಫ್ರಿಕಾ ರಾಗಿಗೂ ನಮ್ಮ ರಾಗಿಗೂ ಕಸಿ ಮಾಡಿ ಇಂಡಾಫ್ ತಳಿಗಳನ್ನ ತಂದ್ರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಆ ಹೆಸರು. ಎಷ್ಟೋ ಮನೆಯ ಎರಡನೇ ಮುದ್ದೆ ಅವರ ಪುಣ್ಯ.

ಶಾಲೆಯಲ್ಲಿ ಉಪ್ಪಿಟ್ಟು ಕೊಡ್ತಿದ್ರು, ನಿಮ್ಮಲ್ಲಿ ನನ್ನ ವಯಸ್ಸಿನೋರಿಗೆ ನೆನಪಿರುತ್ತೆ. ಅಮೆರಿಕದೋರು ಪಿ.ಎಲ್. 480 ಅಂತ 1954ರಲ್ಲಿ ಒಂದು ಕಾನೂನು ಮಾಡಿ, ತಮ್ಮಲ್ಲಿ ಮಿಕ್ಕ ಧಾನ್ಯ ಬೇರೆ ದೇಶಗಳಿಗೆ ಕಳಿಸ್ತಿದ್ರು. ಕೇರ್ ಅನ್ನೋ ಸಂಸ್ಥೆ ಮೂಲಕ ಗೋಧಿ ನುಚ್ಚು, ಹಾಲಿನ ಪುಡಿ, ಎಣ್ಣೆ ಶಾಲೆಗಳಿಗೆ ಬರೋದು. ನಮ್ಮಜ್ಜಿ 'ಯಾರು ಬೇಯಿಸಿದ್ದೋ ಏನೋ, ತಿನ್ನಬ್ಯಾಡ' ಅನ್ನೋರು. ಯಾರು ಅನ್ನೋದ್ರ ಅರ್ಥ ಜಾತಿ, ಬೇರೇನಲ್ಲ. ನಮ್ಮವ್ವ ಯಾವತ್ತೂ ಅತ್ತೆಗೆ ಎದುರು ಮಾತಾಡಿದೋರಲ್ಲ. ಆವತ್ತು ಮಾತ್ರ, ನನ್ನ ಚೀಲದೊಳಕ್ಕೆ ಒಂದು ಅಲ್ಯೂಮಿನಿಯಂ ತಟ್ಟೆ ಇಟ್ಟು, 'ಎಲ್ರ ಸಾಲಲ್ಲೂ ಕೂತ್ಕೊಂಡು ತಿನ್ನು' ಅಂದ್ರು. ಅತ್ತೆ ಕೇಳಿಸ್ಕೊಂಡ್ರು, ಸುಮ್ನಾದ್ರು. ನಾನು ಪಿಯುಸಿವರೆಗೆ ಓದಿದ್ದಕ್ಕೆ ಆ ತಟ್ಟೆಗೂ ಪಾಲಿದೆ.

ಆಮೇಲಿಂದು ನಿಮಗೆಲ್ಲ ಗೊತ್ತಿರೋದೇ. 1995ರ ಆಗಸ್ಟ್ 15ರಿಂದ ಕೇಂದ್ರದ ಯೋಜನೆ ಬಂತು, ಹಾಜರಾತಿ ಇದ್ದ ಮಗುವಿಗೆ ತಿಂಗಳಿಗೆ ಮೂರು ಕೆ.ಜಿ. ಧಾನ್ಯ. ಆ ಅಕ್ಕಿ ಮನೆ ಡಬ್ಬಕ್ಕೆ ಸೇರೋದು, ಮಗುವಿನ ಹೊಟ್ಟೆಗೇ ಸೇರೋದು ಅಂತ ಇಲ್ಲ. ಬೇಯಿಸಿಯೇ ಬಡಿಸಬೇಕು ಅಂತ ಸುಪ್ರೀಂ ಕೋರ್ಟು 2001ರಲ್ಲಿ ಹೇಳಿತು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಗುಲ್ಬರ್ಗ ಕಡೆ ಶುರುವಾಗಿ ಮಾರನೇ ವರ್ಷ ನಮ್ಮ ಕಡೆಗೂ ಬಂತು. 2013ರ ಆಗಸ್ಟಿಂದ ಕ್ಷೀರಭಾಗ್ಯದ ಹಾಲು, 2024ರಿಂದ ಅದರ ಜತೆ ರಾಗಿ ಮಾಲ್ಟು. ಅಮೆರಿಕದ ಗೋಧಿಯಿಂದ ಹೊರಟು ತಿರುಗಿ ರಾಗಿಗೇ ಬಂದು ನಿಂತ್ಕೊಂಡ್ವಿ ನೋಡಿ!

ಆದ್ರೆ ಇದೆಲ್ಲ ಸರ್ಕಾರಿ ಶಾಲೆ, ಅನುದಾನಿತ ಶಾಲೆಗೆ. ನಾವು ಸಾಲ ಮಾಡಿ ಹಾಸನದ ಕಾನ್ವೆಂಟಿಗೆ ಕಳಿಸೋ ಮಕ್ಕಳಿಗೆ ಹಾಲೂ ಇಲ್ಲ, ಮಾಲ್ಟೂ ಇಲ್ಲ. ಅವು ಆರಕ್ಕೆ ಎದ್ದು, ಏಳೂವರೆಗೆ ವ್ಯಾನ್ ಹತ್ತಿ, ಮಧ್ಯಾಹ್ನದವರೆಗೆ ಎರಡು ಬಿಸ್ಕತ್ತಲ್ಲಿ ಇರ್ತವೆ. ಹಸಿವು ಈಗ ಟೈ ಕಟ್ಕೊಂಡು ಹೋಗೋ ಮಕ್ಕಳ ಕಡೆ ಬಂದಿದೆ ಅಂತ ನಂಗೆ ಅನ್ನಿಸೋದು. ಅವ್ವಂದಿರನ್ನ ಬೈಯ್ಯೋಕೆ ಬಾಯಿ ಬರಲ್ಲ. ನನ್ನ ಸೊಸೆ ಗಾರ್ಮೆಂಟ್ಸ್ ಬಸ್ಸಿಗೆ ಏಳು ಗಂಟೆಗೇ ಓಡ್ತಾಳೆ, ಮರಳಲ್ಲಿ ರಾಗಿ ಹುರಿ ಅಂದ್ರೆ ಹೆಂಗೆ ಹುರಿದಾಳು?

ಬೇಕರಿ ಬನ್ನಂತೂ ಎಲ್ಲ ವ್ಯಾನಲ್ಲೂ ಇದೆ. ಅದ್ರ ಮೇಲೆ ನಂಗೆ ಸಿಟ್ಟಿಲ್ಲ, ಅದೂ ಒಂಥರಾ ನಮ್ಮೂರದ್ದೇ. ಹಾಸನ ಕಡೆಯ ತಿರುಮಲಾಚಾರ್ ಅನ್ನೋರು 1898ರಲ್ಲಿ ಬೆಂಗಳೂರು ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಇಟ್ರು. ಆಮೇಲೆ ನಮ್ಮ ಜಿಲ್ಲೆಯ ಹಳ್ಳಿಗಳಿಂದ ಹೋದೋರೇ ಊರೂರಲ್ಲಿ ಅಯ್ಯಂಗಾರ್ ಬೇಕರಿ ಇಟ್ಟಿದ್ದು. ಖಾರಬನ್ನು ವಾರಕ್ಕೊಂದು ಸಲ ತಿನ್ನಲಿ. ದಿನಾ ಮೈದಾ ಆದ್ರೆ ಮಕ್ಕಳಿಗೆ ಹೊಟ್ಟೆ ಕಟ್ಟುತ್ತೆ, ಹತ್ತು ಗಂಟೆಗೆಲ್ಲ ತಿರುಗಿ ಹಸಿವು.

ನಮ್ಮನೇಲಿ ಈಗ ಹಿಂಗೆ ಮಾಡ್ಕೊಂಡಿದ್ದೀವಿ. ಹುರಿಟ್ಟು ಭಾನುವಾರ ನಾನೇ ಮಾಡಿ ಡಬ್ಬಕ್ಕೆ ತುಂಬ್ತೀನಿ, ಬೆಳಿಗ್ಗೆ ಮಗ ಐದು ನಿಮಿಷದಲ್ಲಿ ಉಂಡೆ ಕಟ್ತಾನೆ. ಹೌದು, ಮಗನೇ. ಉಳಿದ ದಿನ ನುಗ್ಗೆಸೊಪ್ಪು ಹಾಕಿದ ರಾಗಿ ರೊಟ್ಟಿ. ಬಿಸಿನೀರಲ್ಲಿ ಕಲೆಸಿ ತೆಳ್ಳಗೆ ತಟ್ಟಿದ್ರೆ ಮೆತ್ತಗಿರುತ್ತೆ, ಒಳಗೆ ತುಪ್ಪ, ಹುಚ್ಚೆಳ್ಳು ಚಟ್ನಿಪುಡಿ ಸವರಿ ಸುರುಳಿ ಸುತ್ತಿ, ಕೆಳಗಡೆ ಬಾಳೆಲೆ ಚೂರು ಸುತ್ತಿದ್ರೆ ಯೂನಿಫಾರಂಗೆ ಜಿಡ್ಡು ಹತ್ತಲ್ಲ. ಅವರೆಕಾಯಿ ಕಾಲದಲ್ಲಿ ಕಾಳು ಬೇಯಿಸಿ ಹಿಟ್ಟಿಗೇ ಸೇರಿಸ್ತೀನಿ. ಚಿಕ್ಕದಕ್ಕೆ ಕಾಳು ಆಗಲ್ಲ, ಅದು ಒಂದೊಂದೇ ಆರಿಸಿ ವ್ಯಾನಿನ ಕಿಟಕಿಯಿಂದ ಆಚೆ ಹಾಕುತ್ತಂತೆ. ಡ್ರೈವರಣ್ಣ ಹೇಳಿದ್ದು.