ಬೆಂಗಳೂರಿನ ಹೆಸರು ಹೊತ್ತ ವೈರಸ್

ಕೋಲಾರದ ಟೊಮೆಟೊ ಕ್ರೇಟುಗಳು ಹಳೆ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರ, ಹಲಸೂರು ದಾಟಿ ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಬರುತ್ತವೆ. ಟೊಮೆಟೊಗೂ ವೈರಸ್ ಕಾಟ ತಪ್ಪಿದ್ದಲ್ಲ. ಟೊಮೆಟೊ ಎಲೆ ಮುಟುರು ರೋಗದ ಒಂದು ವೈರಸ್ಸಿಗಂತೂ ನಮ್ಮ ಊರಿನದೇ ಹೆಸರು: ಟೊಮೆಟೊ ಲೀಫ್ ಕರ್ಲ್ ಬೆಂಗಳೂರು ವೈರಸ್.

ರೋಗ ತಗುಲಿದ ಗಿಡವನ್ನು ಹತ್ತಿರದಿಂದ ನೋಡಬೇಕು. ಎಳೆ ಎಲೆ ಚಿಕ್ಕದಾಗಿ ಮುದುಡಿ, ಅಂಚು ಹಳದಿಗೆ ತಿರುಗಿ, ಗಿಡ ಗಿಡ್ಡವಾಗಿಯೇ ನಿಂತುಬಿಡುತ್ತದೆ. ಬೇಗ ತಗುಲಿದರೆ ಕಾಯಿಯ ಆಸೆ ಬಿಟ್ಟಂತೆಯೇ. ಗಿಡ ಅಲುಗಿಸಿದರೆ ಹಿಟ್ಟು ಹಾರಿದಂತೆ ಬಿಳಿ ನೊಣಗಳು ಏಳುತ್ತವೆ. ರೋಗ ಹರಡುವವು ಅವೇ.

ಈ ರೋಗವನ್ನು ಉತ್ತರ ಭಾರತದಲ್ಲಿ ವಾಸುದೇವ ಮತ್ತು ಸಾಮ್‌ರಾಜ್ 1948ರಲ್ಲಿ ದಾಖಲಿಸಿದರು. ಆಗ ರೋಗದ ಗುರುತು ಲಕ್ಷಣದಿಂದ ಮಾತ್ರ. ಸಸ್ಯ ವೈರಸ್ಸಿನ ಜೀನೋಮ್, ಅಂದರೆ ಅದರ ಆನುವಂಶಿಕ ಸೂಚನೆಗಳ ಪೂರ್ತಿ ಅಕ್ಷರಕ್ರಮ, ಓದುವ ಕಾಲ ಬಂದದ್ದು ಆಮೇಲೆ: 1980ರಲ್ಲಿ ಹೂಕೋಸಿನ ಮೊಸಾಯಿಕ್ ವೈರಸ್, 1982ರಲ್ಲಿ ತಂಬಾಕಿನದು, 1983ರಲ್ಲಿ ಮರಗೆಣಸಿನ ಜೆಮಿನಿವೈರಸ್. ಟೊಮೆಟೊ ಎಲೆ ಮುಟುರು ವೈರಸ್ಸುಗಳೂ ಈ ಜೆಮಿನಿ ಕುಲದವೇ.

1995ರಲ್ಲಿ ಹಾಂಗ್ ಮತ್ತು ಹ್ಯಾರಿಸನ್ ಬೇರೆ ಬೇರೆ ದೇಶಗಳ ಎಲೆ ಮುಟುರು ವೈರಸ್ಸುಗಳ ಅಕ್ಷರಕ್ರಮ ಹೋಲಿಸಿದಾಗ ರೋಗಕ್ಕೆ ಹೆಸರು ಒಂದೇ ಆದರೂ ವೈರಸ್ಸುಗಳು ಬೇರೆ ಎಂಬುದು ಸ್ಪಷ್ಟವಾಯಿತು. ದೆಹಲಿಯ ವೈರಸ್ಸಿನ ಜೀನೋಮ್ ಎರಡು ತುಂಡು, ಬೆಂಗಳೂರಿನದು ಒಂದೇ. ಸುಮಾರು 2,750 ಅಕ್ಷರಗಳ ಉಂಗುರ. ಅಚ್ಚು ಹಾಕಿದರೆ ಪತ್ರಿಕೆಯ ಒಂದು ಪುಟ ಸಾಕು. ಅಷ್ಟರಲ್ಲೇ ಒಂದು ಹೊಲವನ್ನು ಹಾಳುಗೆಡಹುವ ಸೂಚನೆಗಳೆಲ್ಲ ಇವೆ.

2000ದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿ. ಮುನಿಯಪ್ಪ ಮತ್ತು ಸಂಗಡಿಗರು ಜೀನೋಮನ್ನೂ ನೊಣವನ್ನೂ ಜೊತೆಗಿಟ್ಟು ನೋಡಿದರು. ರೋಗದ ಗಿಡದಲ್ಲಿ ಹತ್ತು ನಿಮಿಷ ರಸ ಹೀರಿದರೆ ವೈರಸ್ ನೊಣದ ಮೈ ಸೇರುತ್ತದೆ. ಆರು ಗಂಟೆ ಕಳೆದ ಮೇಲೆ ನೊಣ ಅದನ್ನು ಇನ್ನೊಂದು ಗಿಡಕ್ಕೆ ಅಂಟಿಸಬಲ್ಲದು. ಇದಕ್ಕೆ ತುಸು ಮೊದಲು, 1999ರಲ್ಲಿ, ಕೋಲಾರದಲ್ಲಿ ಬಿಳಿ ನೊಣದ ಹೊಸ 'ಬಿ' ಬಗೆ ಕಾಣಿಸಿಕೊಂಡಿತ್ತು. ಭಾರತಕ್ಕೆ ಅದೇ ಮೊದಲು.

2002ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಸಾವಿತ್ರಿ, ಎಂ.ಆರ್.ಎನ್. ಮೂರ್ತಿ ಮತ್ತು ಸಂಗಡಿಗರು ಇನ್ನೊಂದು ಮಹತ್ವದ ಸಂಗತಿ ತೋರಿಸಿದರು. ಒಂದೇ ಗಿಡಕ್ಕೆ ಎರಡು ವೈರಸ್ ಹೊಕ್ಕರೆ ಅವು ಜೀನೋಮಿನ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳಬಲ್ಲವು. ಬೆಂಗಳೂರಿನ ವೈರಸ್ಸುಗಳಲ್ಲಿ ಆ ಬೆರಕೆಯ ಗುರುತುಗಳಿದ್ದವು. ಅಂದರೆ ನಿನ್ನೆ ಓದಿದ ಪುಟ ಇಂದು ಹಾಗೆಯೇ ಉಳಿದಿರಬೇಕೆಂದಿಲ್ಲ.

ಓದುವ ದಾರಿಯೂ ಸುಲಭವಾಗುತ್ತ ಬಂದಿದೆ. ಉಂಗುರದ ಡಿಎನ್ಎಯನ್ನು ಸುತ್ತಿ ಸುತ್ತಿ ನಕಲು ಮಾಡುವ ವಿಧಾನದಿಂದ, ಯಾವ ವೈರಸ್ ಎಂದು ಮೊದಲೇ ಗೊತ್ತಿರದಿದ್ದರೂ ಪೂರ್ಣ ಜೀನೋಮ್ ಕೈಗೆ ಸಿಗುತ್ತದೆ. ಅಂಗೈಯಲ್ಲಿ ಹಿಡಿದು ಡಿಎನ್ಎ ಓದಬಲ್ಲ ನ್ಯಾನೋಪೋರ್ ಯಂತ್ರವೂ ಬಂದಿದೆ. ಈಗ ಗೊತ್ತಿರುವ ವೈರಸ್ಸುಗಳ ಜೀನೋಮಿನೊಂದಿಗೆ ಹೋಲಿಕೆ ಶೇ. 91ಕ್ಕಿಂತ ಕಡಿಮೆಯಾದರೆ ಅದು ಬೇರೆಯೇ ಪ್ರಭೇದ.

ಇಷ್ಟೆಲ್ಲ ಓದಿದ್ದರಿಂದ ರೈತನಿಗೇನು? ಕೃಷಿ ವಿಶ್ವವಿದ್ಯಾಲಯದಿಂದ ನಂದಿ, ಸಂಕ್ರಾಂತಿ, ವೈಭವ್ ಎಂಬ ನಿರೋಧಕ ತಳಿಗಳು ಬಂದವು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಅರ್ಕಾ ರಕ್ಷಕ್ ಬಂತು. ಆದರೆ ಒಂದು ವೈರಸ್ ತಡೆದ ಜೀನ್ ಇನ್ನೊಂದರ ಮುಂದೆ ಸೋಲಬಹುದು. ಆದ್ದರಿಂದ ತಳಿ ಬಿಡುಗಡೆಯಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹಂಗಾಮು ಹಂಗಾಮಿಗೂ ಹೊಲದ ಮುದುಡಿದ ಎಲೆ ಪ್ರಯೋಗಾಲಯ ಸೇರಬೇಕು, ಅಲ್ಲಿ ಓದಿದ್ದು ರೈತ ನರ್ಸರಿಯಲ್ಲಿ ಸಸಿ ಆರಿಸುವ ದಿನಕ್ಕೆ ಮುಂಚೆ ಹಿಂದಿರುಗಬೇಕು.