ಕೃಪಾಂಕದ ಆಚೆಯ ಕೃಪೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮನೆಮನೆಯಲ್ಲೂ ಕೇಳಿಬರುವ ಪದ ಕೃಪಾಂಕ. ಹೆಸರೇನೋ ಧಾರಾಳದ್ದು, ಲೆಕ್ಕ ಮಾತ್ರ ಜಿಪುಣತನದ್ದು. ದಡದ ಹತ್ತಿರಕ್ಕೆ ನೀವೇ ಈಜಿ ಬಂದಿರಬೇಕು, ಕೊನೆಯ ಎರಡು ಮಾರು ಇಲಾಖೆ ಎಳೆದುಕೊಳ್ಳುತ್ತದೆ. ನಡುನೀರಿನಲ್ಲಿ ಮುಳುಗಿದವನಿಗೆ ಅದು ಸಿಗದು.

ಕನ್ನಡ ಬೈಬಲ್ಲಿನ ಕೃಪೆ ನಡುನೀರಿಗೇ ಇಳಿಯುತ್ತದೆ. ಅಲ್ಲಿ ಅದು ಗ್ರೀಕಿನ 'ಖಾರಿಸ್'ಗೆ ಬಂದ ಪದ. (ಕಥೋಲಿಕರ ಪ್ರಾರ್ಥನೆಗಳಲ್ಲಿ ಇದೇ 'ವರಪ್ರಸಾದ'.) ಖಾರಿಸ್‌ಗೆ ಈ ತೂಕ ತಂದವನು ಅಪೊಸ್ತಲ ಪೌಲ. ಗಲಾತ್ಯದ ಸಭೆಗಳಲ್ಲಿ ಆಗ ಜಗಳ: ಯೆಹೂದ್ಯರಲ್ಲದವರು ಯೇಸುವನ್ನು ನಂಬಿದರೆ ಸಾಕೋ, ಸುನ್ನತಿಯೂ ಆಗಬೇಕೋ? ಅನ್ಯಜನರ ಜೊತೆ ಉಣ್ಣುತ್ತಿದ್ದ ಪೇತ್ರ, ಸುನ್ನತಿ ಪಕ್ಷದವರು ಬಂದರೆಂದು ಎಲೆ ಬಿಟ್ಟು ಹಿಂದೆ ಸರಿದಾಗ ಪೌಲ ಅಂತಿಯೋಕ್ಯದಲ್ಲಿ ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಪಂಕ್ತಿಭೇದ ಕಂಡ ನಮಗೆ ಈ ಜಗಳಕ್ಕೆ ಟಿಪ್ಪಣಿ ಬೇಡ.

ಪೌಲ ಕೃಪೆಯ ಎದುರಿಗೆ ನಿಲ್ಲಿಸಿದ್ದಕ್ಕೆ ಕನ್ನಡ ಬೈಬಲ್ಲು ಕೊಟ್ಟ ಹೆಸರು ಧರ್ಮಶಾಸ್ತ್ರ. ಮನು, ಯಾಜ್ಞವಲ್ಕ್ಯರ ಹೆಸರು ಕೇಳಿದ ಕಿವಿಗೆ ಅಲ್ಲಿ ಮೋಶೆ ಎದುರಾಗುತ್ತಾನೆ. ಯೆಹೂದ್ಯರಿಗೆ ಮೋಶೆಯ ಆ ಶಾಸ್ತ್ರ, ಅಂದರೆ ತೋರಾ, ಹೊರೆಯಲ್ಲ, ದೇವರೇ ಒಲಿದು ಕೊಟ್ಟದ್ದು. ಪೌಲನೊಬ್ಬನನ್ನೇ ಓದಿದವರು ಇದನ್ನು ಮರೆಯುತ್ತಾರೆ. 'ನೀತಿವಂತ' ಎಂಬುದೂ ಹೀಗೇ ದಾರಿ ತಪ್ಪಿಸುವ ಪದ. ನಮಗೆ ಅದು ನಡತೆಯ ಮಾತು. ಪೌಲನಲ್ಲಿ ಕೋರ್ಟಿನ ವಾಸನೆಯಿದೆ: ಆರೋಪಿಯನ್ನು ನೀತಿವಂತನೆಂದು ನಿರ್ಣಯಿಸುವುದು. ತೀರ್ಪು ಮೊದಲು, ನಡತೆ ಆಮೇಲೆ.

ಇದು ನ್ಯಾಯವೇ? 2024ರಲ್ಲಿ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದಾಗ, ರಾತ್ರಿಯಿಡೀ ಓದಿದವರ ಗತಿಯೇನು ಎಂಬ ಗೊಣಗಾಟ ಎದ್ದಿತ್ತು. ಮತ್ತಾಯನ ಸುವಾರ್ತೆಯ ದ್ರಾಕ್ಷಿತೋಟದ ಕಥೆಯಲ್ಲೂ ಅದೇ ಗೊಣಗಾಟ. ಬೆಳಗಿನಿಂದ ಬಿಸಿಲಲ್ಲಿ ಬೆಂದವನಿಗೂ ಸಂಜೆ ಒಂದು ತಾಸು ದುಡಿದವನಿಗೂ ಧಣಿ ಒಂದೇ ಕೂಲಿ ಕೊಡುತ್ತಾನೆ. ನನ್ನ ಮನಸ್ಸು ಇವತ್ತಿಗೂ ಬೆಳಗಿನ ಆಳುಗಳ ಪರವೇ.

ಜರ್ಮನ್ ಮತಸುಧಾರಕ ಲೂಥರ್ ಪೌಲನಿಗಿಂತಲೂ ಮುಂದೆ ಹೋದ. 1522ರ ತನ್ನ ಜರ್ಮನ್ ಹೊಸ ಒಡಂಬಡಿಕೆಯಲ್ಲಿ, ರೋಮಾಪುರದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯಕ್ಕೆ, ಗ್ರೀಕಿನಲ್ಲಿಲ್ಲದ 'ಮಾತ್ರ' ಎಂಬ ಪದವನ್ನು ಸೇರಿಸಿದ: ನಂಬಿಕೆಯಿಂದ ಮಾತ್ರ. ಆಕ್ಷೇಪ ಎದ್ದಾಗ, 1530ರಲ್ಲಿ, ಜರ್ಮನ್ ಮಾತಾಡುವುದೇ ಹಾಗೆ ಎಂದು ವಾದಿಸಿದ. ಕನ್ನಡದವನಾಗಿದ್ದರೆ ಇಷ್ಟು ರಾದ್ಧಾಂತ ಬೇಕಿರಲಿಲ್ಲ. 'ನಂಬಿಕೆಯಿಂದಲೇ' ಎಂದು ಒಂದು ಏಕಾರ ಎಳೆದಿದ್ದರೆ ಸಾಕಿತ್ತು. ತಮಾಷೆಯೆಂದರೆ, 'ನಂಬಿಕೆ ಮಾತ್ರ' ಎಂಬ ಜೋಡಿ ಗ್ರೀಕ್ ಮೂಲದಲ್ಲಿ ಬರುವುದು ಒಂದೇ ಕಡೆ, ಯಾಕೋಬನ ಪತ್ರದಲ್ಲಿ. ಅದೂ 'ಅಲ್ಲ' ಎನ್ನುವುದಕ್ಕೆ! ಆ ಪತ್ರವನ್ನು ಲೂಥರ್ ಹುಲ್ಲಿಗೆ ಹೋಲಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಖಾರಿಸ್‌ಗೆ ಇನ್ನೊಂದು ಮುಖವಿತ್ತು. ಕೊಟ್ಟದ್ದೂ ಖಾರಿಸ್, ಪಡೆದವನು ಹೇಳುವ ಕೃತಜ್ಞತೆಯೂ ಖಾರಿಸ್. ಇಂದಿಗೂ ಅಥೆನ್ಸಿನ ಅಂಗಡಿಯವ ಚಿಲ್ಲರೆ ಎಣಿಸಿಕೊಂಡು 'ಎಫ್ಖಾರಿಸ್ತೊ' ಎನ್ನುವಾಗ ಅದೇ ಬೇರು ಮಿಡಿಯುತ್ತದೆ. ನಮ್ಮ ಕೃಪೆ ಮೇಲಿನಿಂದ ಕೆಳಕ್ಕೆ ಸುರಿಯುವುದನ್ನಷ್ಟೇ ಬಲ್ಲದು: ಮಳೆರಾಯನದು, ಗುರುಗಳದು, ಯಕ್ಷಗಾನ ಮೇಳದ ಬೋರ್ಡಿನ ಮೇಲಿನ 'ಕೃಪಾಪೋಷಿತ'. ಮರಳಿ ಮೇಲಕ್ಕೆ ಹೋಗಬೇಕಾದಾಗ ಕನ್ನಡ ಕ್ರೈಸ್ತರು ಪದವನ್ನೇ ಬದಲಿಸಿ 'ಸ್ತೋತ್ರ' ಎನ್ನುತ್ತಾರೆ.

ಒಂದು ಕಡೆ ಮಾತ್ರ ಕನ್ನಡದ ಕೃಪೆಯೂ ತಿರುಗಿ ನಿಂತು ಉಪಕಾರ ನೆನೆಯುತ್ತದೆ. ಪತ್ರಿಕೆಗಳಲ್ಲಿ, ಫೋಟೋದ ಕೆಳಗೆ, ಸಣ್ಣಕ್ಷರದಲ್ಲಿ: ಚಿತ್ರಕೃಪೆ.