ಗೇರ್ ಹಾಕುವ ಕೈ

ಕಳೆದ ಬೇಸಿಗೆಗೆ ಸ್ವಲ್ಪ ಮೊದಲು ನನ್ನ ಸೋದರಮಾವನ ಮಗ ಹೈದರಾಬಾದಿನಿಂದ ಒಂದು ಹಳೆಯ ಪಿಕಪ್ ಕೊಂಡು ತಂದ. ಡೀಸೆಲ್ ಗಾಡಿ, ಹಿಂದೆ ಸಾಮಾನು ತುಂಬುವ ತೆರೆದ ತೊಟ್ಟಿ, ಆಟೊಮ್ಯಾಟಿಕ್ ಗೇರ್. ಸೇಡಂನಲ್ಲಿ ಅವನದು ಪರ್ಸಿ ಕಲ್ಲಿನ ವ್ಯಾಪಾರ. “ಕ್ಲಚ್ಚೇ ಇಲ್ಲ ನೋಡಣ್ಣ, ಸುಮ್ಮ ಕುಂತು ಹೊಡಿಯೋದು” ಎಂದು ಕಂಡವರಿಗೆಲ್ಲ ತೋರಿಸಿದ. ಮಾರ್ಚ್ ಮುಗಿಯುವ ಹೊತ್ತಿಗೆ ಅವನ ಮಾತಿನ ಧಾಟಿಯೇ ಬದಲಾಗಿತ್ತು. ಕಲ್ಲು ಹೇರಿಕೊಂಡು ಚಿಂಚೋಳಿ ಕಡೆ ಹೊರಟರೆ ಮೊದಲ ಅರ್ಧ ಗಂಟೆ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಬಿಸಿ ಏರಿದ ಮೇಲೆ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಒಂದು ಝಟಕಿ. “ಹಿಂದಿನಿಂದ ಯಾರೋ ಒದ್ದಂಗ ಆಗ್ತದ” ಎನ್ನುತ್ತಿದ್ದ.

ಗಾಡಿಯನ್ನು ವಾಡಿಯ ಉಸ್ತಾದರ ಬಳಿ ಒಯ್ದೆವು. ಎಪ್ಪತ್ತು ದಾಟಿದ ಅವರು ಲಾರಿ ದೂರದಲ್ಲಿ ಬರುತ್ತಿರುವಾಗಲೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲವರು. ಪಿಕಪ್ಪಿನಲ್ಲಿ ಕೂತು ಚಿತ್ತಾಪುರ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದರು. ಇಳಿದು ಬಾನೆಟ್ ಮೇಲೆ ಕೈಯಿಟ್ಟು ಒಂದೇ ಮಾತು ಹೇಳಿದರು: “ಇದರ ದನಿ ನನಗ ತಿಳಿವಲ್ದು.”

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಅವರು ತಮ್ಮ ವಯಸ್ಸನ್ನಾಗಲಿ ಕಿವಿಯನ್ನಾಗಲಿ ದೂರಿರಲಿಲ್ಲ. ಗೇರ್ ಬದಲಿಸುವ ವಿದ್ಯೆ ಒಂದು ಕಾಲಕ್ಕೆ ಚಾಲಕನ ಕೈಯಲ್ಲಿ, ಮೆಕ್ಯಾನಿಕ್ಕಿನ ಕಿವಿಯಲ್ಲಿ ಇತ್ತು. ಅದು ಅಲ್ಲಿಂದ ಎದ್ದು ಎಲ್ಲಿಗೆ ಹೋಯಿತು? ನಮ್ಮ ಈ ಕಲ್ಲಿನ ನಾಡಿನಲ್ಲಿ ನಿಂತು ಆ ಜಾಡನ್ನು ಹುಡುಕಬಹುದು.

ಈ ನಾಡಿನಲ್ಲಿ ಭಾರ ಹೊರುವ ಕತೆ ರೈಲಿನಿಂದ ಶುರುವಾಗುತ್ತದೆ. ಮುಂಬೈ ಕಡೆಯಿಂದ ಬಂದ ಹಳಿ ಶಹಾಬಾದ್, ವಾಡಿಗಳನ್ನು ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಇಲ್ಲಿನ ನೆಲದಡಿಯ ಸುಣ್ಣಕಲ್ಲು ಪದರ ಪದರವಾಗಿ ಏಳುತ್ತದೆ. ಹಾಸುಗಲ್ಲಾಗಿ ಹೋದದ್ದು ‘ಶಹಾಬಾದ್ ಕಲ್ಲು’ ಎಂಬ ಹೆಸರಿನಲ್ಲಿ ಮನೆಮನೆಯ ಅಂಗಳ ಸೇರಿತು, ಸುಟ್ಟು ಪುಡಿಯಾದದ್ದು ಸಿಮೆಂಟಾಯಿತು. ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿ ಎಂಬ ದೊಡ್ಡ ಕೂಟದೊಳಗೆ ಸೇರಿತು. ವಾಡಿಯಲ್ಲಿ ಅದರ ಕಾರ್ಖಾನೆ ಬಂದದ್ದು 1968ರಲ್ಲಿ. ಮುಂದೆ ಸೇಡಂ, ಮಳಖೇಡಗಳಲ್ಲೂ ಚಿಮಣಿಗಳು ಎದ್ದವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಇದೇ ಮಳಖೇಡ. ಕೋಟೆಯ ಪಕ್ಕದಲ್ಲೇ ಕಾಗಿಣಾ ಹರಿಯುತ್ತಾಳೆ, ರಸ್ತೆಯಲ್ಲಿ ಸಿಮೆಂಟ್ ಲಾರಿಗಳು ಸಾಲುಗಟ್ಟುತ್ತವೆ.

ಆದರೆ ಹಳಿ ಎಲ್ಲ ಊರಿಗೂ ಹೋಗಲಿಲ್ಲ. ಚಿಂಚೋಳಿಗೆ ಇಂದಿಗೂ ರೈಲಿಲ್ಲ. ಖಣಿಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಹಳ್ಳಿಗೆ, ಬಯಲಿನಿಂದ ಕುಂಚಾವರಂ ಕಾಡಿನ ಏರಿಗೆ ಭಾರ ಹೊತ್ತದ್ದು ಮೊದಲು ಎತ್ತಿನ ಬಂಡಿ, ಆಮೇಲೆ ಲಾರಿ. ಲಾರಿ ಬಂದ ಮೇಲೆ ಗೇರ್ ಬಂತು.

ಎಂಜಿನ್ನಿಗೆ ಗೇರ್ ಏಕೆ ಬೇಕು ಎಂಬುದನ್ನು ಎತ್ತು ಹೂಡಿದವನಿಗೆ ವಿವರಿಸಬೇಕಿಲ್ಲ. ಏರಿನಲ್ಲಿ ನಿಧಾನಕ್ಕೆ ಹೆಚ್ಚು ಬಲ, ಬಯಲಿನಲ್ಲಿ ಕಡಿಮೆ ಬಲಕ್ಕೆ ಹೆಚ್ಚು ವೇಗ. 1890ರ ದಶಕದಲ್ಲಿ ಫ್ರಾನ್ಸಿನ ಪನಾರ್ ಮತ್ತು ಲೆವಸ್ಸೋರ್ ರೂಪಿಸಿದ ಗೇರ್‌ಬಾಕ್ಸ್ ಒರಟು ಸಾಧನ. ತಿರುಗುತ್ತಿರುವ ಒಂದು ಹಲ್ಲಿನ ಚಕ್ರವನ್ನು ಬೇರೆ ವೇಗದಲ್ಲಿ ತಿರುಗುತ್ತಿರುವ ಇನ್ನೊಂದರೊಳಗೆ ಜಾರಿಸಿ ತೂರಿಸಬೇಕು. ವೇಗ ಹೊಂದದಿದ್ದರೆ ಹಲ್ಲು ಕಡಿಯುವ ಸದ್ದು ಊರಿಗೆಲ್ಲ ಕೇಳುತ್ತದೆ.

ಆ ವೇಗ ಹೊಂದಿಸುವ ಹೊಣೆ ಪೂರ್ತಿ ಮನುಷ್ಯನದಾಗಿತ್ತು. ‘ಡಬಲ್ ಕ್ಲಚ್’ ಎಂದು ನಮ್ಮ ಚಾಲಕರು ಹೇಳುವುದು ಇದನ್ನೇ. ಕೆಳಗಿನ ಗೇರಿಗೆ ಇಳಿಯಲು ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತರಬೇಕು, ಕ್ಲಚ್ ಬಿಟ್ಟು ಎಕ್ಸಲರೇಟರಿಗೆ ಒಂದು ಚಿಕ್ಕ ಒತ್ತು ಕೊಡಬೇಕು, ಎಂಜಿನ್ನಿನ ದನಿ ಸರಿಯಾದ ಎತ್ತರಕ್ಕೆ ಏರಿದ ಕ್ಷಣದಲ್ಲಿ ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ಇದೆಲ್ಲ ಏರಿನ ನಡುವೆ, ಬೆನ್ನಿನ ಮೇಲೆ ಹತ್ತು ಟನ್ ಭಾರವಿರುವಾಗ. ಕೈ ತಪ್ಪಿದರೆ ಲಾರಿ ನ್ಯೂಟ್ರಲ್ಲಿನಲ್ಲಿ ಹಿಂದಕ್ಕೆ ಸರಿಯುತ್ತದೆ. ಕ್ಲೀನರ್ ಹುಡುಗ ದಪ್ಪ ಕಲ್ಲು ಹಿಡಿದು ಕೆಳಗೆ ಹಾರುತ್ತಿದ್ದುದು ಆಗಲೇ.

ನಮ್ಮ ಭಾಗ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1932ರಲ್ಲಿ ನಿಜಾಮರ ರೈಲ್ವೆ 27 ಬಸ್ಸು, 166 ನೌಕರರೊಂದಿಗೆ ರಸ್ತೆ ಸಾರಿಗೆಯನ್ನೂ ಆರಂಭಿಸಿತು. ದೊಡ್ಡ ಗಾಡಿಗಳ ವಿದ್ಯೆ ಈ ಸೀಮೆಯ ನಾಲಿಗೆಗೆ ಉರ್ದುವಿನ ಮೂಲಕವೇ ಬಂದಿತು. ಕಲಿಸುವವನು ಉಸ್ತಾದ್, ಕಲಿಯುವವನು ಶಾಗಿರ್ದ್, ಕೈಯಲ್ಲಿರುವುದು ಪಾನಾ. ಪುಸ್ತಕವಿರಲಿಲ್ಲ. ಶಾಗಿರ್ದ್ ವರ್ಷಗಟ್ಟಲೆ ಪಾನಾ ಎತ್ತಿಕೊಡುತ್ತ ಕಿವಿ ಪಳಗಿಸಿಕೊಳ್ಳುತ್ತಿದ್ದ.

ಆ ವಿದ್ಯೆ ಮೊದಲ ಹೆಜ್ಜೆ ಕಿತ್ತದ್ದು ಅಮೆರಿಕದಲ್ಲಿ. 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರ್ ರೂಪಿಸಿದ ಸಿಂಕ್ರೊಮೆಶ್ ಬಂತು. ಹಲ್ಲುಗಳು ಕೂಡುವ ಮೊದಲು ಒಂದು ಪುಟ್ಟ ಬಳೆ ಉಜ್ಜಿ ಎರಡರ ವೇಗವನ್ನೂ ಸಮ ಮಾಡುತ್ತದೆ. ಚಾಲಕನ ಕಿವಿ ಮಾಡುತ್ತಿದ್ದ ಕೆಲಸ ಒಂದು ಬಳೆಗೆ ಹೋಯಿತು. ಕಾರಿಗೆ ಬಂದದ್ದು ಲಾರಿಗೆ ಬರಲು ಬಹಳ ಕಾಲ ಹಿಡಿಯಿತು. 1954ರಲ್ಲಿ ಟಾಟಾ ಕಂಪನಿ ಡೈಮ್ಲರ್ ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿದ ಮೇಲೂ ಡಬಲ್ ಕ್ಲಚ್ ಗೊತ್ತಿಲ್ಲದವನನ್ನು ಯಾರೂ ಡ್ರೈವರ್ ಎನ್ನುತ್ತಿರಲಿಲ್ಲ. ಆದರೆ ಆ ಬಳೆ ಕಣ್ಣಿಗೆ ಕಾಣುವಂಥದ್ದು. ಸವೆದರೆ ಉಸ್ತಾದ್ ಬೆರಳಾಡಿಸಿ ಹೇಳಬಲ್ಲರು, ಹೊಸದು ಕೂಡಿಸಬಲ್ಲರು.

ಎರಡನೆಯ ಹೆಜ್ಜೆ ಎಣ್ಣೆಯೊಳಕ್ಕೆ. ಜರ್ಮನಿಯ ಹೆರ್ಮನ್ ಫೋಟಿಂಗರ್ ಹಡಗಿಗಾಗಿ ಯೋಚಿಸಿ 1905ರಲ್ಲಿ ಒಂದು ಪೇಟೆಂಟ್ ಪಡೆದ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಓಡಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ? ಗಾಳಿಯ ಜಾಗದಲ್ಲಿ ಎಣ್ಣೆ ಇಟ್ಟರೆ ಕ್ಲಚ್ ಪೆಡಲ್ ಬೇಡ. ಅಮೆರಿಕದ ಜನರಲ್ ಮೋಟರ್ಸ್ 1939ರಲ್ಲಿ ಹೈಡ್ರಾಮ್ಯಾಟಿಕ್ ಎಂಬ ಹೆಸರಿನಲ್ಲಿ ಇಂಥ ಎಣ್ಣೆಯ ಜೋಡಣೆಯನ್ನೂ ತಾನೇ ಬದಲಾಗುವ ಗೇರುಗಳನ್ನೂ ಸೇರಿಸಿ ಕಾರಿನಲ್ಲಿ ಮಾರಿತು. ಎರಡನೆಯ ಮಹಾಯುದ್ಧದಲ್ಲಿ ಅದು ಎಂ5 ಸ್ಟುವರ್ಟ್ ಟ್ಯಾಂಕಿಗೂ ಹೋಯಿತು.

ನಮ್ಮ ಸೀಮೆಯಲ್ಲಿ ಕ್ಲಚ್ಚಿಲ್ಲದ ಗಾಡಿ ಪಿಕಪ್ಪಿನೊಂದಿಗೆ ಬಂದದ್ದಲ್ಲ. ಸಿಮೆಂಟ್ ಕಾರ್ಖಾನೆಗಳ ಸುಣ್ಣಕಲ್ಲಿನ ಖಣಿಗಳಲ್ಲಿ ಓಡುವಂಥ ದೊಡ್ಡ ಡಂಪರುಗಳಲ್ಲಿ ಆಟೊಮ್ಯಾಟಿಕ್ ಗೇರ್ ಎಂದಿನಿಂದಲೋ ಸಾಮಾನ್ಯ. ಆದರೆ ಅವು ಕಾಂಪೌಂಡಿನೊಳಗೇ ಹುಟ್ಟಿ ಅಲ್ಲೇ ಸವೆಯುವ ಯಂತ್ರಗಳು. ಅವುಗಳನ್ನು ನೋಡಿಕೊಳ್ಳಲು ಕಂಪನಿಯದೇ ವರ್ಕ್‌ಶಾಪ್, ತರಬೇತಿ ಪಡೆದ ಸಿಬ್ಬಂದಿ. ಆ ವಿದ್ಯೆ ಗೇಟು ದಾಟಿ ರಸ್ತೆ ಬದಿಯ ಗ್ಯಾರೇಜಿಗೆ ಬರಲಿಲ್ಲ. ಗೇಟಿನ ಹೊರಗೆ ನಲವತ್ತು ವರ್ಷ ಪಾನಾ ಹಿಡಿದ ನಮ್ಮ ಉಸ್ತಾದರಿಗೆ ಅದರ ದನಿ ತಿಳಿಯದಿರಲು ಇದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ.

ಮೂರನೆಯ ಹೆಜ್ಜೆ ಕಂಪ್ಯೂಟರಿಗೆ. ಭಾರತದಲ್ಲಿ ಅಗ್ಗದ ಕಾರಿಗೆ ಆಟೊಮ್ಯಾಟಿಕ್ ಬಂದದ್ದು 2014ರಲ್ಲಿ, ಮಾರುತಿಯ ಸೆಲೆರಿಯೊ ಮೂಲಕ. ಅದು ಎಎಂಟಿ. ಎಂದರೆ ಒಳಗಿರುವುದು ಅದೇ ಹಳೆಯ ಕ್ಲಚ್, ಅದೇ ಹಳೆಯ ಗೇರ್‌ಬಾಕ್ಸ್. ಕೈಕಾಲಿನ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಅದರಲ್ಲಿ ಗೇರ್ ಬದಲಾಗುವಾಗ ಸ್ವಲ್ಪ ತೂಗಾಡುವುದು ಸಹಜ, ರೋಗವಲ್ಲ. ದೊಡ್ಡ ಪಿಕಪ್ಪುಗಳ ಕತೆ ಬೇರೆ. 2019ರಲ್ಲಿ ಇಸುಜು ವಿ-ಕ್ರಾಸ್, 2022ರಲ್ಲಿ ಟೊಯೋಟ ಹೈಲಕ್ಸ್ ಆರು ಗೇರಿನ ಆಟೊಮ್ಯಾಟಿಕ್ ತಂದವು. ಇವು ಫೋಟಿಂಗರನ ಎಣ್ಣೆಯ ವಂಶದವು. ಒಳಗೆ ಎಣ್ಣೆಯ ಒತ್ತಡವೇ ಕ್ಲಚ್ಚುಗಳನ್ನು ಹಿಡಿಯುತ್ತದೆ, ಬಿಡುತ್ತದೆ. ಹೊಲದಲ್ಲಿ ಒಂದು ಮಡಿಯ ಬಾಯಿ ಮುಚ್ಚಿ ಇನ್ನೊಂದರ ಬಾಯಿ ತೆರೆದು ನೀರು ತಿರುಗಿಸುವಂತೆ ಸಾಲೆನಾಯ್ಡ್ ಎಂಬ ಪುಟ್ಟ ವಿದ್ಯುತ್ ಬಾಗಿಲುಗಳು ಎಣ್ಣೆಯನ್ನು ತಿರುಗಿಸುತ್ತವೆ. ಯಾವಾಗ ತಿರುಗಿಸಬೇಕೆಂದು ಹೇಳುವುದು ಕಂಪ್ಯೂಟರ್. ಕ್ಲಚ್ ಸವೆದಂತೆಲ್ಲ ಅದು ಲೆಕ್ಕವನ್ನು ತಾನೇ ತಿದ್ದಿಕೊಳ್ಳುತ್ತದೆ, ಹಿಂದಿನ ಅನುಭವ ನೆನಪಿಡುತ್ತದೆ. ಹಳೆಯ ಚಾಲಕನ ಕೈಗಿದ್ದ ಅಭ್ಯಾಸಬಲದಂತೆ.

ಹಾಗಾದರೆ ಝಟಕಿ ಏಕೆ? ಮೊದಲು ಕೇಳಬೇಕಾದ ಪ್ರಶ್ನೆ, ಯಾವಾಗ? ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಭಾರವಿದ್ದಾಗಲೋ ಖಾಲಿಯಿದ್ದಾಗಲೋ, ಎಲ್ಲ ಗೇರಿಗೋ ಒಂದೇ ಗೇರಿಗೋ? ಆಮೇಲೆ ಬ್ಯಾಟರಿ ಮತ್ತು ವೈರಿನ ತುದಿಗಳನ್ನು ನೋಡಬೇಕು, ಯಾಕೆಂದರೆ ವಿದ್ಯುತ್ ಕುಂದಿದರೂ ಕಂಪ್ಯೂಟರ್ ತಪ್ಪುತ್ತದೆ. ನಂತರ ಸ್ಕ್ಯಾನರ್ ಹಚ್ಚಿ ಗಾಡಿ ಬರೆದಿಟ್ಟುಕೊಂಡ ದೋಷದ ಸಂಕೇತಗಳನ್ನು ಓದಬೇಕು. ಕೆಲವೊಮ್ಮೆ ಗಾಡಿ ತನ್ನನ್ನು ಉಳಿಸಿಕೊಳ್ಳಲು ಒಂದೇ ಗೇರಿನಲ್ಲಿ ನಿಂತುಬಿಡುತ್ತದೆ. ಅದನ್ನು ಬಲವಂತವಾಗಿ ಓಡಿಸಬಾರದು. ಆಮೇಲೆ ಎಣ್ಣೆ. ಅದರ ಬಿಸಿ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. 120 ದಾಟಿ ಓಡುತ್ತಲೇ ಇದ್ದರೆ ಬೇಗ ಕೆಡುತ್ತದೆ, ಕಪ್ಪಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಗೇರ್‌ಬಾಕ್ಸ್ ಬಿಚ್ಚುವ ಮಾತು ಇಷ್ಟೆಲ್ಲ ಆದ ಮೇಲೆ.

ನಮ್ಮ ರಸ್ತೆಗಳು ಈ ಎಣ್ಣೆಯನ್ನು ಎಲ್ಲ ರೀತಿಯಲ್ಲೂ ಪರೀಕ್ಷಿಸುತ್ತವೆ. ನಲವತ್ತು ಡಿಗ್ರಿ ದಾಟಿದ ಬಿಸಿಲು, ಕೂಲರಿನ ಜಾಲರಿಯಲ್ಲಿ ಮೆತ್ತಿಕೊಳ್ಳುವ ಸಿಮೆಂಟಿನ ಧೂಳು, ಅಳತೆ ಮೀರಿದ ಕಲ್ಲು, ಆಮೇಲೆ ಕಾಡಿನ ಏರು. ‘ಈ ಎಣ್ಣೆ ಗಾಡಿಯ ಆಯುಷ್ಯಕ್ಕೆ ಸಾಕು’ ಎಂಬ ಮಾತು ತಣ್ಣನೆಯ ದೇಶದ ಖಾಲಿ ಗಾಡಿಗೆ ಒಪ್ಪೀತು, ನಮ್ಮಲ್ಲಿನ ದುಡಿಮೆಗೆ ಹೊಂದದು.

ಉಸ್ತಾದರು ಅಂದು ಕೈಬಿಡಲಿಲ್ಲ. ದನಿ ತಿಳಿಯದಿದ್ದರೇನು, ಮೂಗಿದೆ. ಕೆಳಗೆ ಮಲಗಿ ಬಿರಡೆ ಬಿಚ್ಚಿ ಒಂದೆರಡು ಹನಿ ಎಣ್ಣೆಯನ್ನು ಬಿಳಿ ಬಟ್ಟೆಗೆ ಹಿಡಿದರು. ಕೆಂಪಗಿರಬೇಕಾದದ್ದು ಚಹಾದ ಡಿಕಾಕ್ಷನ್ನಿನಂತಿತ್ತು. ಮೂಸಿ ನೋಡಿ “ಹೊಟ್ಟಿ ಸುಟ್ಕೊಂಡದ ತಮ್ಮಾ” ಎಂದರು. ಕೂಲರಿನಲ್ಲಿ ಬೆರಳುದ್ದದ ಧೂಳು. ಅದನ್ನು ತೊಳೆದರು. ಎಣ್ಣೆ ಮಾತ್ರ ಕಂಪನಿ ಹೇಳಿದ್ದೇ ಬೇಕು, ಬೇರೆ ಹಾಕಿದರೆ ಕ್ಲಚ್ ಜಾರುತ್ತದೆ ಎಂದು ಪುಸ್ತಕ ನೋಡಿ ನಾನು ಹೇಳಿದೆ. ಅದನ್ನು ಕಲಬುರಗಿಯಿಂದ ತರಿಸಿ ಫಿಲ್ಟರ್ ಸಮೇತ ಬದಲಿಸಿದರು. ಝಟಕಿ ಮುಕ್ಕಾಲು ಪಾಲು ಇಳಿಯಿತು.

ಉಳಿದ ಕಾಲು ಪಾಲು ಕಂಪ್ಯೂಟರಿನ ನೆನಪಿನಲ್ಲಿತ್ತು. ಸುಟ್ಟ ಎಣ್ಣೆಯ ಜೊತೆ ಹೊಂದಿಕೊಳ್ಳಲು ಅದು ಕಲಿತಿದ್ದ ಲೆಕ್ಕವನ್ನು ಅಳಿಸಿ ಹೊಸದಾಗಿ ಕಲಿಸಬೇಕಿತ್ತು. ಉಸ್ತಾದರ ಮೊಮ್ಮಗನ ಬಳಿ ಒಂದು ಸ್ಕ್ಯಾನರ್ ಇತ್ತು. ಅದು ದೋಷವನ್ನು ಓದಿತು, ಆದರೆ ಆ ನೆನಪಿನ ಬೀಗ ತೆರೆಯಲಿಲ್ಲ. ಅದಕ್ಕಾಗಿ ಗಾಡಿ ಹೈದರಾಬಾದಿಗೆ ಹೋಗಿಬಂತು. ಹತ್ತು ನಿಮಿಷದ ಕೆಲಸಕ್ಕೆ ಎರಡು ದಿನದ ದುಡಿಮೆ ಹಾಳು.

ಈ ಬೀಗದ ಪ್ರಶ್ನೆ ವಾಡಿಯದು ಮಾತ್ರವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ವಾಹನ ದುರಸ್ತಿಯ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ಕೊಡಬೇಕೆಂದು 2012ರಲ್ಲಿ ಕಾನೂನು ಮಾಡಿತು. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಅದರ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು, ಕೃಷಿ ಯಂತ್ರವೂ ಒಂದು. ಪೋರ್ಟಲ್ ಒಂದು ಶುರು ಅಷ್ಟೆ. ಶಹಾಬಾದಿನ, ಚಿಂಚೋಳಿಯ ಗ್ಯಾರೇಜಿನವನ ಕೈಗೆ ಬೀಗದ ಕೈ ಸಿಗುವವರೆಗೆ ಅದು ಅವನಿಗೆ ದೂರದ ಮಾತೇ.

ಡಬಲ್ ಕ್ಲಚ್ಚಿನ ಕಾಲವನ್ನು ನೆನೆದು ನಾನು ಕಣ್ಣೀರು ಹಾಕುವುದಿಲ್ಲ. ಆ ಏರಿನಲ್ಲಿ ಕಲ್ಲು ಹಿಡಿದು ಹಾರುತ್ತಿದ್ದ ಹುಡುಗರ ಬೆರಳು, ಚಾಲಕರ ಮೊಣಕಾಲು ಅದಕ್ಕೆ ತೆತ್ತದ್ದು ಕಡಿಮೆಯೇನಲ್ಲ. ಕೆಲಸ ಯಂತ್ರಕ್ಕೆ ಹೋಗಲಿ. ಅದರ ತಿಳಿವಳಿಕೆ ಮಾತ್ರ ಗೇಟಿನೊಳಗೆ ಉಳಿಯಬಾರದು. ಸಿಂಕ್ರೊಮೆಶ್ ಬಂದಾಗ ಉಸ್ತಾದರು ಕಲಿತರು, ಕಲಿಸಿದರು. ಈಗಲೂ ಕಲಿಯಲು ಅವರ ಮನೆಯಲ್ಲಿ ಒಬ್ಬನಿದ್ದಾನೆ.

ಮೊನ್ನೆ ವಾಡಿಗೆ ಹೋದಾಗ ಆ ಹುಡುಗ ಸ್ಕ್ಯಾನರಿನ ಪರದೆಯ ಮೇಲಿನ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಉಸ್ತಾದರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು ಎಂಜಿನ್ನಿನ ಸದ್ದಿಗೆ ಆ ಅಂಕಿಗಳನ್ನು ಹೊಂದಿಸಿಕೊಳ್ಳುತ್ತಿದ್ದರು. “ಇನ್ನೊಮ್ಮಿ ಓದು” ಎಂದರು.